ಪಥ್ಯವೂ ಅಂಗಸಾಧನೆಯೂ ಒಂದೇ ಕೈಯಲ್ಲಿ

ಬಾಣಂತಿಯ ಕೋಣೆಯನ್ನೊಮ್ಮೆ ನೆನೆಯಿರಿ. ಎಣ್ಣೆ ಹಚ್ಚಿ, ಬೆನ್ನು ಸೊಂಟಗಳನ್ನು ನೀವಿ, ಬಿಸಿನೀರು ಹೊಯ್ಯುವ ಅಜ್ಜಿಯೇ ಅಡಿಗೆಮನೆಗೂ ಅಪ್ಪಣೆ ಕೊಡುತ್ತಾಳೆ: ಇಂದು ಅಳವಿ ಪಾಯಸ, ನಾಳೆ ಸಬ್ಬಸಿಗೆ ಪಲ್ಯ. ಗರಡಿಮನೆಯ ವಸ್ತಾದನ ಸಂಗತಿಯೂ ಅಷ್ಟೆ. ಸಾಮು ಕಲಿಸುವವನು, ಮೈ ತಿಕ್ಕುವವನು, ಹಾಲು ಬಾದಾಮಿಗಳ ಲೆಕ್ಕ ಹೇಳುವವನು ಎಲ್ಲವೂ ಅವನೇ. ಉಣಿಸುವ ವಿದ್ಯೆ ಬೇರೆ, ಮೈಯನ್ನು ಹದಗೊಳಿಸುವ ವಿದ್ಯೆ ಬೇರೆ ಎಂಬ ಭೇದವನ್ನು ನಮ್ಮ ಹಿರಿಯರು ಎಣಿಸಿದವರಲ್ಲ.

ಈ ಎರಡನ್ನೂ ಕೂಡಿಸಿ ಬದುಕುವ ವೃತ್ತಿಯೊಂದು ಸಾಧ್ಯವೆ? ಅದೂ ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿಗಳಂತಹ ಊರುಗಳಲ್ಲಿ?

ಅಗತ್ಯವಂತೂ ಅಲ್ಲಿ ಕಣ್ಣಿಗೆ ಕಟ್ಟುವಂತಿದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು, ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಸಿಂಧನೂರಿನ ಜೋಳದ ಹೊಲಗಳು ಬತ್ತದ ಗದ್ದೆಗಳಾದವು. ರೊಟ್ಟಿಯ ತಟ್ಟೆಗೆ ಅನ್ನ ಬಂದಿತು. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಸಸಾರಜನಕವೂ ಅಷ್ಟೇ ನಾರೂ ಉಂಟು. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಸಸಾರಜನಕ ಸುಮಾರು 8 ಗ್ರಾಂ, ನಾರು 3 ಗ್ರಾಂ ಕೂಡ ಇಲ್ಲ. ಇತ್ತ ಕೆಸರಿನಲ್ಲಿ ಬಗ್ಗಿ ದಿನವಿಡೀ ನಾಟಿ ಮಾಡುವ ಹೆಣ್ಣುಮಕ್ಕಳ ಸೊಂಟ, ಅತ್ತ ಲಿಂಗಸುಗೂರು ತಾಲ್ಲೂಕಿನ ಹಟ್ಟಿಯ ಚಿನ್ನದ ಗಣಿಯಲ್ಲಿ ದುಡಿಯುವವರ ಬೆನ್ನು. ರಕ್ತಹೀನಳಾದವಳಿಗೆ ಬರಿಯ ಆಸನ ಕಲಿಸಿದರೆ ಆಯಾಸವೇ ಹೆಚ್ಚೀತು. ಬೆನ್ನು ಹಿಡಿದವನಿಗೆ ಬರಿಯ ಪಥ್ಯ ಹೇಳಿದರೆ ನೋವು ಇಳಿಯದು. ಎರಡನ್ನೂ ಒಟ್ಟಿಗೆ ನೋಡುವ ಕಣ್ಣು ಬೇಕು.

ಹಾಗೆ ನೋಡಿದವರು ನಮ್ಮಲ್ಲಿ ಇದ್ದರು. 1996ರಲ್ಲಿ ದಿವಂಗತರಾದ ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮಿಗಳು, ‘ತಿರುಕ’ ಎಂಬ ಕಾವ್ಯನಾಮದವರು, ಊರೂರು ತಿರುಗಿ ಯೋಗಾಸನ ಕಲಿಸಿದರು. ತಮ್ಮ ಅನಾಥ ಸೇವಾಶ್ರಮದಲ್ಲಿ ಆಯುರ್ವೇದದ ಚಿಕಿತ್ಸೆಯನ್ನೂ ನೀಡಿದರು. ಇಂದು ಇದಕ್ಕೆ ಪದವಿಯೇ ಇದೆ. ಉಜಿರೆಯಲ್ಲಿ 1989ರಲ್ಲಿ ಆರಂಭವಾದ ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನ ಕಾಲೇಜು ಇದಕ್ಕೆ ದಾರಿ ತೆರೆಯಿತು. ನಾಲ್ಕೂವರೆ ವರ್ಷದ ಓದು, ಒಂದು ವರ್ಷದ ಆಸ್ಪತ್ರೆಯ ಅಭ್ಯಾಸ. ಆಹಾರ, ಯೋಗ, ಮರ್ದನ, ಜಲಚಿಕಿತ್ಸೆ ಎಲ್ಲವೂ ಅದರೊಳಗೆ.

ಆದರೆ ಮನೆಯ ಹಿರಿಯರ ಶಂಕೆ ಬೇರೆ. “ಇಷ್ಟು ಓದಿಸಿ ಮಗಳನ್ನು ಪರರ ಮೈ ನೀವಲು ಕಳುಹಿಸುವುದೆ?” ಎಂದಾರು. ಬಾಣಂತಿಯ ಬೆನ್ನು ನೀವಿದ ಅಜ್ಜಿಯ ಕೈಗೆ ನಮಸ್ಕರಿಸುವ ನಾವು, ಅದೇ ಕೈ ಶಾಸ್ತ್ರ ಕಲಿತು ಬಂದರೆ ಹಿಂಜರಿಯುವುದೇಕೆ? ಸಣ್ಣ ಊರಿನಲ್ಲಿ ಹೆಂಗಸರು ತಮ್ಮ ನೋವನ್ನು ಹೆಂಗಸಿನ ಮುಂದಷ್ಟೇ ಬಿಚ್ಚಿ ಹೇಳುವುದುಂಟು. ಆ ಕಾರಣಕ್ಕೇ ಅಲ್ಲಿ ಅವಳ ಅಗತ್ಯ ಹೆಚ್ಚು.

ಆದಾಯದ ಮಾತೂ ಆಡಬೇಕು. ಪಥ್ಯದ ಸಲಹೆಗೆ ಬಂದವರು ಒಂದೆರಡು ಸಲ ಬಂದು ಮರೆಯಾಗಬಹುದು; ಬೆಳಗಿನ ವ್ಯಾಯಾಮದ ತರಗತಿಗೆ ಬರುವವರು ನಿತ್ಯ ಬರುತ್ತಾರೆ. ಒಂದರ ಸೊರಗನ್ನು ಮತ್ತೊಂದು ತುಂಬುತ್ತದೆ. ದಿನವೂ ಕಾಣುವವರ ಊಟ ಹೇಗೆ ನಡೆದಿದೆಯೆಂಬುದೂ ತಾನಾಗಿಯೇ ತಿಳಿಯುತ್ತದೆ.

ಒಂದು ಎಚ್ಚರಿಕೆ ಮಾತ್ರ ಇರಲಿ. ಅಜ್ಜಿಯ ಕೈಗುಣ ದೊಡ್ಡದಾದರೂ, ಬಾಣಂತಿಗೆ ನೀರು ಕೊಡಬಾರದೆಂಬ ಅವಳ ಕಟ್ಟಳೆ ತಪ್ಪು. ಹಾಲೂಡಿಸುವ ತಾಯಿಗೆ ನೀರು ಹೆಚ್ಚು ಬೇಕು. ಹಾಗೆಯೇ ಎದೆನೋವನ್ನು ಎಣ್ಣೆಯಿಂದ ತಿಕ್ಕುವುದಾಗಲಿ, ಸಕ್ಕರೆ ಕಾಯಿಲೆಯವರ ಇನ್ಸುಲಿನ್ ಬಿಡಿಸುವುದಾಗಲಿ ಈ ವೃತ್ತಿಯ ಕೆಲಸವಲ್ಲ. ತನ್ನ ಎಲ್ಲೆಯನ್ನು ಅರಿತು ರೋಗಿಯನ್ನು ಆಸ್ಪತ್ರೆಗೆ ಕಳುಹಿಸುವುದೂ ಚಿಕಿತ್ಸೆಯೇ.

1915ರಲ್ಲಿ ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರುಳ್ಳ ಶಾಸನ ದೊರೆಯಿತು. ಸಾಧನೆ ದೊಡ್ಡವರಿಗಷ್ಟೇ ಮೀಸಲಲ್ಲ, ಸಣ್ಣವರಿಗೂ ದಕ್ಕುವಂಥದು ಎಂಬುದು ಅದರ ಸಾರ. ಆ ಬಂಡೆಯ ನೆರೆಯ ಊರುಗಳಲ್ಲಿ, ಒಂದು ಚಾಪೆ ಹಾಸಿ, ಒಂದು ರೊಟ್ಟಿಯ ಲೆಕ್ಕ ಹೇಳಿ ಈ ಕೆಲಸಕ್ಕೆ ತೊಡಗುವ ಮಗಳಿಗೆ ಮನೆಯವರ ಒಪ್ಪಿಗೆಯೊಂದೇ ಮೊದಲ ಬಂಡವಾಳ.