ಗ್ರಾಫಿಕ್ಸ್ ಕೆಲಸಕ್ಕೆ ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕಾ? ಅಂಗಡಿಗೆ ಕಂಪ್ಯೂಟರ್ ಕೊಳ್ಳುವ ಮುನ್ನ ಇದನ್ನು ಓದಿ

"ಐ7 ಪ್ರೊಸೆಸರ್, 16 ಜಿಬಿ ರ‍್ಯಾಮ್, 4 ಜಿಬಿ ಗ್ರಾಫಿಕ್ಸ್ ಕಾರ್ಡ್. ಡಿಸೈನಿಂಗ್ ಕೆಲಸಕ್ಕೆ ಬೆಸ್ಟ್. ಕೆಲವೇ ಪೀಸ್ ಉಳಿದಿವೆ, ಬೇಗ ಕರೆ ಮಾಡಿ." ಇಂಥ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಬೆಲೆ ನೋಡಿದರೆ ಹೊಸ ಮೊಬೈಲ್‌ಗಿಂತ ಕಡಿಮೆ! ಇದರ ಜೊತೆಗೆ ಇನ್ನೊಂದು ಮಾತೂ ಓಡಾಡುತ್ತದೆ: ಗ್ರಾಫಿಕ್ಸ್ ಕೆಲಸ ಮಾಡಬೇಕಾದರೆ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಇರಲೇಬೇಕು, ಇಲ್ಲದಿದ್ದರೆ ಕಂಪ್ಯೂಟರ್ ನಿಂತುಬಿಡುತ್ತದೆ ಎಂದು.

ಇವೆರಡರಲ್ಲಿ ನಿಜ ಎಷ್ಟು? ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ.

ಕೊಳ್ಳೇಗಾಲ ತಾಲ್ಲೂಕಿನ ಧನಗೆರೆಯಲ್ಲಿ ಒಬ್ಬರು ಡಿಸೈನಿಂಗ್ ಅಂಗಡಿ ಇಡಬೇಕು ಅಂದುಕೊಂಡಿದ್ದಾರೆ ಎನ್ನಿ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡ್, ಜಾತ್ರೆಯ ಬ್ಯಾನರ್, ಕೊಳ್ಳೇಗಾಲದ ರೇಷ್ಮೆ ಸೀರೆ ಅಂಗಡಿಗಳ ಕರಪತ್ರ, ಹನೂರು ಮತ್ತು ಯಳಂದೂರಿನ ಅಂಗಡಿಗಳ ಬೋರ್ಡು. ಇಷ್ಟೇ ಕೆಲಸ. ಮುದ್ರಣ ಬೇರೆ ಕಡೆ ಆಗುತ್ತದೆ, ಇವರು ಮಾಡುವುದು ವಿನ್ಯಾಸ ಮಾತ್ರ. ಬಂಡವಾಳಕ್ಕೆ ಮುದ್ರಾ ಯೋಜನೆಯ ಶಿಶು ಸಾಲ ತೆಗೆದುಕೊಂಡರೆ ಅದರ ಗರಿಷ್ಠ ಮಿತಿ 50,000 ರೂಪಾಯಿ. ಈ ಹಣದಲ್ಲಿ ತಪ್ಪು ಕಂಪ್ಯೂಟರ್ ತಂದರೆ ಅದು ಮೂಲೆ ಸೇರುತ್ತದೆ, ಕಂತು ಮಾತ್ರ ತಿಂಗಳು ತಿಂಗಳು ಬರುತ್ತದೆ. ಆದ್ದರಿಂದ ಯಾವುದಕ್ಕೆ ಹಣ ಹಾಕಬೇಕು, ಯಾವುದಕ್ಕೆ ಬೇಡ ಎಂಬುದು ಮೊದಲೇ ಗೊತ್ತಿರಬೇಕು.

ನಂಬಿಕೆ 1: ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಡಿಸೈನ್ ಆಗಲ್ಲ

ಇದು ಹೆಸರಿನಿಂದ ಹುಟ್ಟಿದ ಗೊಂದಲ. ಗ್ರಾಫಿಕ್ಸ್ ಕಾರ್ಡ್ ಮುಖ್ಯವಾಗಿ ಬೇಕಾಗುವುದು ಗೇಮ್, ಮೂರು ಆಯಾಮದ ಚಿತ್ರಗಳು, ಎಫೆಕ್ಟ್ ತುಂಬಿದ ವಿಡಿಯೊ ಎಡಿಟಿಂಗ್ ಮತ್ತು ಕಂಪ್ಯೂಟರ್‌ನಲ್ಲೇ ಎಐ ಚಿತ್ರ ತಯಾರಿಸುವುದಕ್ಕೆ. ಲಗ್ನಪತ್ರಿಕೆ, ಬ್ಯಾನರ್, ಕರಪತ್ರ ಇವೆಲ್ಲ ಎರಡು ಆಯಾಮದ ಕೆಲಸ. ಕೋರೆಲ್‌ಡ್ರಾ, ಇಂಕ್‌ಸ್ಕೇಪ್‌ನಂಥ ತಂತ್ರಾಂಶಗಳಲ್ಲಿ ಹೆಚ್ಚಿನ ಹೊರೆ ಬೀಳುವುದು ಪ್ರೊಸೆಸರ್ ಮತ್ತು ರ‍್ಯಾಮ್ ಮೇಲೆ. ಫೋಟೊಶಾಪ್‌ನ ಕೆಲವು ಫಿಲ್ಟರ್‌ಗಳಿಗೆ ಕಾರ್ಡ್‌ನಿಂದ ಸಹಾಯ ಆಗುವುದು ನಿಜ. ಆದರೆ ಈಚಿನ ಪ್ರೊಸೆಸರ್‌ಗಳ ಒಳಗೇ ಇರುವ ಗ್ರಾಫಿಕ್ಸ್ ಈ ಮಟ್ಟದ ಕೆಲಸಕ್ಕೆ ಸಾಕು.

ಇನ್ನು ಜಾಹೀರಾತಿನ "4 ಜಿಬಿ ಕಾರ್ಡ್". 4 ಜಿಬಿ ಎನ್ನುವುದು ಕಾರ್ಡ್‌ನಲ್ಲಿರುವ ಮೆಮೊರಿಯ ಗಾತ್ರ, ವೇಗ ಅಲ್ಲ. 2014ರಲ್ಲಿ ಬಂದ ಜಿಟಿ 730 ಕಾರ್ಡ್ 4 ಜಿಬಿಯಲ್ಲೂ ಸಿಗುತ್ತದೆ. ಅದಕ್ಕಿಂತ ಇಂದಿನ ಒಳ್ಳೆಯ ಪ್ರೊಸೆಸರ್‌ನ ಒಳಗಿನ ಗ್ರಾಫಿಕ್ಸೇ ಹೆಚ್ಚು ಕೆಲಸಕ್ಕೆ ಬರುತ್ತದೆ. ಟ್ಯಾಂಕ್ ದೊಡ್ಡದಿದ್ದ ಮಾತ್ರಕ್ಕೆ ಮೊಪೆಡ್ ಲಾರಿ ಆಗುವುದಿಲ್ಲ.

ಒಂದು ಎಚ್ಚರಿಕೆ: ಇಂಟೆಲ್ ಪ್ರೊಸೆಸರ್ ಹೆಸರಿನ ಕೊನೆಯಲ್ಲಿ "ಎಫ್" ಇದ್ದರೆ ಅದರಲ್ಲಿ ಗ್ರಾಫಿಕ್ಸ್ ಇರುವುದಿಲ್ಲ. ಅದನ್ನು ಕೊಂಡರೆ ಕಾರ್ಡ್ ಬೇಕೇ ಬೇಕು. ರೈಜನ್ 5 5600ರಲ್ಲಿ ಒಳಗಿನ ಗ್ರಾಫಿಕ್ಸ್ ಇಲ್ಲ, 5600ಜಿಯಲ್ಲಿ ಇದೆ.

ಹಾಗಾದರೆ ಕಂಪ್ಯೂಟರ್ ನಿಧಾನ ಆಗುವುದು ಯಾಕೆ?

ಲೆಕ್ಕ ಹಾಕೋಣ. 10 ಅಡಿ ಅಗಲ, 6 ಅಡಿ ಎತ್ತರದ ಬ್ಯಾನರ್ ಎಂದರೆ 120 ಇಂಚು, 72 ಇಂಚು. ಇದನ್ನು 300 ಡಿಪಿಐನಲ್ಲಿ, ಅಂದರೆ ಒಂದು ಇಂಚಿಗೆ 300 ಚುಕ್ಕಿಯಂತೆ ಮಾಡಿದರೆ ಒಟ್ಟು 77 ಕೋಟಿಗೂ ಹೆಚ್ಚು ಚುಕ್ಕಿ. ಮುದ್ರಣದ ನಾಲ್ಕು ಬಣ್ಣಕ್ಕೆ ಒಂದೊಂದು ಬೈಟ್ ಹಿಡಿದರೂ ಪೂರ್ತಿ ತುಂಬಿದ ಒಂದೇ ಲೇಯರ್‌ಗೆ ಸುಮಾರು 3 ಜಿಬಿ. ದೇವರ ಚಿತ್ರ, ಹಿನ್ನೆಲೆ, ಮುಖಂಡರ ಫೋಟೊ ಅಂತ ನಾಲ್ಕೈದು ಲೇಯರ್ ಆಗುವಷ್ಟರಲ್ಲಿ 16 ಜಿಬಿ ರ‍್ಯಾಮ್ ತುಂಬಿಹೋಗುತ್ತದೆ.

ಅದೇ ಬ್ಯಾನರನ್ನು 72 ಡಿಪಿಐನಲ್ಲಿ ಮಾಡಿದರೆ ಸುಮಾರು 4.5 ಕೋಟಿ ಚುಕ್ಕಿ, ಒಂದು ಲೇಯರ್‌ಗೆ ಸುಮಾರು 180 ಎಂಬಿ. ಹದಿನೇಳು ಪಟ್ಟು ಹಗುರ!

ಹಾಗೆ ಮಾಡಿದರೆ ಬ್ಯಾನರ್ ಮಸುಕಾಗುವುದಿಲ್ಲವೇ? ಇಲ್ಲಿ ಕಣ್ಣಿನ ವಿಜ್ಞಾನ ನೆರವಿಗೆ ಬರುತ್ತದೆ. ಆರೋಗ್ಯವಂತ ಕಣ್ಣು ಬೇರೆ ಬೇರೆಯಾಗಿ ಗುರುತಿಸುವ ಎರಡು ಚುಕ್ಕಿಗಳ ನಡುವಿನ ಕೋನ ಒಂದು ಡಿಗ್ರಿಯ ಸುಮಾರು ಅರವತ್ತನೇ ಒಂದು ಭಾಗ. ಕೈಯಲ್ಲಿ ಹಿಡಿದು 30 ಸೆಂ.ಮೀ. ದೂರದಿಂದ ನೋಡುವ ಲಗ್ನಪತ್ರಿಕೆಗೆ ಇದು ಇಂಚಿಗೆ ಸುಮಾರು 290 ಚುಕ್ಕಿ ಆಗುತ್ತದೆ. ಕಾರ್ಡಿಗೆ 300 ಡಿಪಿಐ ಇಡುವ ರೂಢಿ ಇದಕ್ಕೆ ಸರಿಯಾಗಿದೆ. ಆದರೆ 3 ಮೀಟರ್ ದೂರ ನಿಂತರೆ ಇಂಚಿಗೆ ಸುಮಾರು 29 ಚುಕ್ಕಿಗಿಂತ ಹೆಚ್ಚನ್ನು ಕಣ್ಣು ಬಿಡಿಸಿ ನೋಡಲಾರದು. ಮಹದೇಶ್ವರ ಬೆಟ್ಟದ ರಸ್ತೆಯಲ್ಲಿ ಬಸ್ಸಿನಿಂದ ನೋಡುವ ಬ್ಯಾನರಿಗೆ 72 ಡಿಪಿಐ ಧಾರಾಳ. ಹತ್ತಿರದಿಂದ ಓದುವ ಬೋರ್ಡು ಆದರೆ 100 ಇಡಿ.

ಕಂಪ್ಯೂಟರ್ ನಿಧಾನವಾಯಿತು ಎಂದು ಹೊಸ ಕಾರ್ಡ್ ಹಾಕಿಸುವ ಮುನ್ನ ಫೈಲಿನ ಡಿಪಿಐ ನೋಡಿ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಬ್ಯಾನರ್ ಮಸುಕಾಗಲು ಇನ್ನೊಂದು ಸಾಮಾನ್ಯ ಕಾರಣವೂ ಇದೆ. ಗ್ರಾಹಕರು ಫೋಟೊವನ್ನು ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದಾಗ ಅದು ಫೋಟೊವನ್ನು ಕುಗ್ಗಿಸುತ್ತದೆ. ನಾಲ್ಕು ಕಡೆ ಫಾರ್ವರ್ಡ್ ಆಗಿ ಬಂದ ಚಿತ್ರದ ಗತಿ ಹೇಳುವುದೇ ಬೇಡ. ಕುಗ್ಗಿದ ಚಿತ್ರವನ್ನು ಎಷ್ಟು ದುಬಾರಿ ಕಂಪ್ಯೂಟರ್ ಕೂಡ ಮೊದಲಿನಂತೆ ಮಾಡಲಾರದು. ಮೂಲ ಫೋಟೊವನ್ನು "ಡಾಕ್ಯುಮೆಂಟ್" ಆಗಿ ಕಳಿಸಲು ಹೇಳಿ. ಹಾಗೆ ಕಳಿಸಿದರೆ ಗಾತ್ರ ಕುಗ್ಗುವುದಿಲ್ಲ.

ನಂಬಿಕೆ 2: ಐ7 ಅಂದರೆ ವೇಗ, ಐ3 ಅಂದರೆ ನಿಧಾನ

ಐ3, ಐ5, ಐ7 ಎಂಬುದು ಒಂದೇ ತಲೆಮಾರಿನ ಪ್ರೊಸೆಸರ್‌ಗಳನ್ನು ಹೋಲಿಸಲು ಸರಿ. ತಲೆಮಾರು ಬೇರೆಯಾದರೆ ಈ ಲೆಕ್ಕ ನಡೆಯುವುದಿಲ್ಲ. 2011ರ ಐ7 2600 ಮತ್ತು 2022ರ ಐ3 12100 ಎರಡರಲ್ಲೂ ನಾಲ್ಕೇ ಕೋರ್. ಆದರೆ ಹೊಸ ಐ3ಯ ಒಂದೊಂದು ಕೋರ್ ಹಳೆಯ ಐ7ಗಿಂತ ಸುಮಾರು ಎರಡು ಪಟ್ಟು ವೇಗ. ವಿನ್ಯಾಸದ ತಂತ್ರಾಂಶಗಳಲ್ಲಿ ಹೆಚ್ಚಿನ ಕೆಲಸ ನಿಂತಿರುವುದು ಒಂದು ಕೋರ್‌ನ ವೇಗದ ಮೇಲೆ.

ತಲೆಮಾರು ಗುರುತಿಸುವುದು ಸುಲಭ. ಸಂಖ್ಯೆಯ ಕೊನೆಯ ಮೂರು ಅಂಕಿ ಬಿಟ್ಟು ಉಳಿದದ್ದನ್ನು ಓದಿ. 2600 ಎಂದರೆ 2ನೇ ತಲೆಮಾರು, 8500 ಎಂದರೆ 8ನೇದು, 12100 ಎಂದರೆ 12ನೇದು. ಜಾಹೀರಾತಿನಲ್ಲಿ ಬರೀ "ಐ7" ಎಂದಿದ್ದರೆ ಪೂರ್ತಿ ಸಂಖ್ಯೆ ಕೇಳಿ. ಸಂಖ್ಯೆ ಹೇಳದಿದ್ದರೆ ಅಲ್ಲಿಗೆ ಬಿಡಿ.

ಹಳೆಯ ಕಂಪ್ಯೂಟರ್ ಕೊಳ್ಳಬಾರದೇ?

ಕೊಳ್ಳಬಹುದು, ನೋಡಿಕೊಂಡು. ದೊಡ್ಡ ಕಚೇರಿಗಳು ಬಳಸಿ ಬಿಟ್ಟ ಡೆಸ್ಕ್‌ಟಾಪ್‌ಗಳನ್ನು ರಿಪೇರಿ ಮಾಡಿ ಮಾರುವವರು ಮೈಸೂರಿನಲ್ಲೂ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೂ ಇದ್ದಾರೆ. ಕಡಿಮೆ ಬಂಡವಾಳದವರಿಗೆ ಇದು ಒಳ್ಳೆಯ ದಾರಿಯೇ. ಆದರೆ ಒಂದು ಗೆರೆ ಹಾಕಿಕೊಳ್ಳಿ: ಇಂಟೆಲ್ ಆದರೆ 8ನೇ ತಲೆಮಾರಿಗಿಂತ ಹಳೆಯದು ಬೇಡ.

ಕಾರಣ ಇದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ತನ್ನ ಸಾಮಾನ್ಯ ಬೆಂಬಲವನ್ನು 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿತು. ವಿಂಡೋಸ್ 11 ಅಧಿಕೃತವಾಗಿ ನಡೆಯುವುದು ಸಾಮಾನ್ಯವಾಗಿ 8ನೇ ತಲೆಮಾರಿನಿಂದ ಈಚಿನ ಇಂಟೆಲ್ ಪ್ರೊಸೆಸರ್‌ಗಳಲ್ಲಿ. ಅದಕ್ಕಿಂತ ಹಳೆಯ ಯಂತ್ರಗಳು ಅಗ್ಗದಲ್ಲಿ ಮಾರುಕಟ್ಟೆಗೆ ಬಂದರೆ ಅದಕ್ಕೆ ಇದೂ ಒಂದು ಕಾರಣ. ಮೇಲಾಗಿ 2 ಮತ್ತು 3ನೇ ತಲೆಮಾರಿನ ಯಂತ್ರಗಳಲ್ಲಿರುವುದು ಡಿಡಿಆರ್3 ರ‍್ಯಾಮ್. ಅದನ್ನು ಮುಂದೆ ಹೊಸ ಕಂಪ್ಯೂಟರಿಗೆ ಹಾಕಲು ಬರುವುದಿಲ್ಲ.

ಹಣ ಕೊಡುವ ಮುನ್ನ ಯಂತ್ರ ಆನ್ ಮಾಡಿಸಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರ ಪರ್ಫಾರ್ಮೆನ್ಸ್ ಪುಟದಲ್ಲಿ ಪ್ರೊಸೆಸರ್ ಸಂಖ್ಯೆ, ರ‍್ಯಾಮ್, ಡಿಸ್ಕ್ ಎಲ್ಲ ಕಾಣುತ್ತದೆ. ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಉಚಿತ ತಂತ್ರಾಂಶ ಡಿಸ್ಕ್ ಎಷ್ಟು ಗಂಟೆ ಓಡಿದೆ ಎಂದು ತೋರಿಸುತ್ತದೆ. ದಿನಕ್ಕೆ 8 ಗಂಟೆಯಂತೆ ವರ್ಷಕ್ಕೆ 300 ದಿನ ಓಡಿದರೆ 2,400 ಗಂಟೆ. "ಹೊಸದು" ಎಂದ ಯಂತ್ರದ ಡಿಸ್ಕ್ 10,000 ಗಂಟೆ ತೋರಿಸಿದರೆ ಅದು ನಾಲ್ಕು ವರ್ಷ ದುಡಿದಿದೆ ಎಂದರ್ಥ. ಜಿಎಸ್‌ಟಿ ಬಿಲ್ ಮತ್ತು ಬರವಣಿಗೆಯಲ್ಲಿ ವಾರಂಟಿ ಕೇಳುವುದನ್ನು ಮರೆಯಬೇಡಿ.

ನಂಬಿಕೆ 3: ದುಬಾರಿ ಕಂಪ್ಯೂಟರ್‌ನಲ್ಲಿ ಬಣ್ಣ ಚೆನ್ನಾಗಿ ಬರುತ್ತದೆ

ಇಲ್ಲ. ಬಣ್ಣ ತೋರಿಸುವುದು ಮಾನಿಟರ್. ಸಿಪಿಯು ಪೆಟ್ಟಿಗೆಗೆ ಹೆಚ್ಚು ಹಣ ಹಾಕಿ, ಉಳಿದ ಚಿಲ್ಲರೆಯಲ್ಲಿ ಮಾನಿಟರ್ ತಂದರೆ ನಷ್ಟ ಕಟ್ಟಿಟ್ಟದ್ದು. ಅಗ್ಗದ ಟಿಎನ್ ಪರದೆಗಳಲ್ಲಿ ತಲೆ ಸ್ವಲ್ಪ ಆಚೀಚೆ ಸರಿಸಿದರೂ ಬಣ್ಣ ಬದಲಾಗಿ ಕಾಣುತ್ತದೆ. ಐಪಿಎಸ್ ಪರದೆ ಕೇಳಿ, ಎಸ್‌ಆರ್‌ಜಿಬಿ ಬಣ್ಣಗಳಲ್ಲಿ ಶೇಕಡ ಎಷ್ಟನ್ನು ತೋರಿಸುತ್ತದೆ ನೋಡಿ. 100ರ ಹತ್ತಿರ ಇದ್ದಷ್ಟೂ ಒಳ್ಳೆಯದು.

ಆದರೂ ಪರದೆ ಮತ್ತು ಮುದ್ರಣ ಒಂದೇ ಆಗುವುದಿಲ್ಲ. ಪರದೆ ಕೆಂಪು, ಹಸಿರು, ನೀಲಿ ಬೆಳಕಿನಿಂದ ಬಣ್ಣ ಮಾಡುತ್ತದೆ. ಮುದ್ರಣಯಂತ್ರ ತಿಳಿನೀಲಿ, ಮೆಜೆಂಟಾ, ಹಳದಿ, ಕಪ್ಪು ಶಾಯಿಯಿಂದ ಮಾಡುತ್ತದೆ. ಪರದೆಯ ಮೇಲೆ ಹೊಳೆಯುವ ಕೆಲವು ನೀಲಿ, ಹಸಿರು ಬಣ್ಣಗಳು ಶಾಯಿಗೆ ಸಿಗುವುದೇ ಇಲ್ಲ. ರೇಷ್ಮೆ ಸೀರೆಯ ಕರಪತ್ರದಲ್ಲಿ ನವಿಲುನೀಲಿ ಮಂಕಾಗಿ ಬಂದರೆ ಗ್ರಾಹಕರು ಜಗಳಕ್ಕೆ ಬರುವುದು ನಿಮ್ಮ ಹತ್ತಿರ. ಹಾಗಾಗಿ ಮುದ್ರಣದವರ ಬಣ್ಣದ ಪ್ರೊಫೈಲ್ ಕೇಳಿ ಪಡೆಯಿರಿ. ಪೂರ್ತಿ ಮುದ್ರಿಸುವ ಮುನ್ನ ಒಂದು ಪ್ರತಿ ತೆಗೆಸಿ ಗ್ರಾಹಕರಿಗೆ ತೋರಿಸಿ.

ತಂತ್ರಾಂಶದ ಖರ್ಚನ್ನೂ ಸೇರಿಸಿ

"ಎಲ್ಲ ಸಾಫ್ಟ್‌ವೇರ್ ಹಾಕಿಕೊಡುತ್ತೇವೆ" ಎಂದರೆ ಬಹುಪಾಲು ಕಳ್ಳ ಪ್ರತಿ ಎಂದೇ ಅರ್ಥ. ಗೊತ್ತಿದ್ದೂ ಅದನ್ನು ಬಳಸುವುದು 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಅಪರಾಧ. ಅದರ ಜೊತೆ ವೈರಸ್ ಬಂದು ಗ್ರಾಹಕರ ಫೈಲ್‌ಗಳೆಲ್ಲ ಬೀಗ ಬೀಳುವ ಅಪಾಯವೂ ಇದೆ. ಇಂಕ್‌ಸ್ಕೇಪ್, ಗಿಂಪ್, ಕ್ರಿಟಾ, ಸ್ಕ್ರೈಬಸ್ ಪೂರ್ತಿ ಉಚಿತ. ಇವುಗಳಲ್ಲಿ ಯೂನಿಕೋಡ್ ಕನ್ನಡದಲ್ಲೇ ಕೆಲಸ ಮಾಡಬಹುದು. ಹಳೆಯ ನುಡಿ ಫಾಂಟಿನಲ್ಲಿ ಮಾಡಿದ ಫೈಲ್ ಆದರೆ ಮುದ್ರಣಕ್ಕೆ ಕಳಿಸುವ ಮುನ್ನ ಅಕ್ಷರಗಳನ್ನು ಕರ್ವ್‌ಗೆ ಬದಲಿಸಿ. ಇಲ್ಲದಿದ್ದರೆ ಆ ಫಾಂಟ್ ಇಲ್ಲದ ಕಡೆ ಅಕ್ಷರಗಳು ಅರ್ಥವಿಲ್ಲದ ಚಿಹ್ನೆಗಳಾಗಿಬಿಡುತ್ತವೆ.

ಹಣವನ್ನು ಯಾವ ಕ್ರಮದಲ್ಲಿ ಹಾಕಬೇಕು?

ಬಿಡಿಭಾಗಗಳ ಬೆಲೆ ಆಗಾಗ ಏರಿಳಿಯುತ್ತದೆ. ಆದ್ದರಿಂದ ರೂಪಾಯಿಗಿಂತ ಕ್ರಮ ನೆನಪಿಟ್ಟುಕೊಳ್ಳುವುದು ಮುಖ್ಯ.

1. ಪ್ರೊಸೆಸರ್: ಹೊಸದಾದರೆ ಗ್ರಾಫಿಕ್ಸ್ ಒಳಗೇ ಇರುವ 12ನೇ ತಲೆಮಾರಿನ ಐ3 ಅಥವಾ ರೈಜನ್ 5 5600ಜಿ ಮಟ್ಟದ್ದು. ಹಳೆಯದಾದರೆ 8ನೇ ತಲೆಮಾರಿನ ಐ5.

2. ರ‍್ಯಾಮ್: 16 ಜಿಬಿ. ಈಗ 8 ಮಾತ್ರ ಆಗುವುದಾದರೆ ಇನ್ನೊಂದು ಹಾಕಲು ಜಾಗ ಖಾಲಿ ಇರಲಿ.

3. ಎಸ್‌ಎಸ್‌ಡಿ: ಹಳೆಯ ಹಾರ್ಡ್ ಡಿಸ್ಕ್ ಸೆಕೆಂಡಿಗೆ 100ರಿಂದ 150 ಎಂಬಿ ಓದಿದರೆ ಸಾಮಾನ್ಯ ಸಾಟಾ ಎಸ್‌ಎಸ್‌ಡಿ ಸುಮಾರು 500 ಎಂಬಿ ಓದುತ್ತದೆ. ರ‍್ಯಾಮ್ ತುಂಬಿದಾಗ ಕಂಪ್ಯೂಟರ್ ಡಿಸ್ಕನ್ನೇ ಬಳಸುವುದರಿಂದ ಈ ವ್ಯತ್ಯಾಸ ತಕ್ಷಣ ಕಾಣುತ್ತದೆ.

4. ಐಪಿಎಸ್ ಮಾನಿಟರ್.

5. ಯುಪಿಎಸ್: ಕರೆಂಟ್ ಹೋದಾಗ ಫೈಲ್ ಸೇವ್ ಮಾಡಿ ಆಫ್ ಮಾಡಲು ಕೆಲವು ನಿಮಿಷ ಸಿಕ್ಕರೆ ಸಾಕು. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಡೆಸ್ಕ್‌ಟಾಪ್‌ಗೆ 600 ವಿಎ ಯುಪಿಎಸ್ ಅಷ್ಟು ಸಮಯ ಕೊಡುತ್ತದೆ.

6. ಬ್ಯಾಕಪ್‌ಗೆ ಒಂದು ಹೊರಗಿನ ಡಿಸ್ಕ್. ಹೋದ ವರ್ಷದ ಜಾತ್ರೆಯ ಬ್ಯಾನರನ್ನು ಈ ವರ್ಷ ತಾರೀಖು ಬದಲಿಸಿ ಕೊಡುವುದೂ ಸಂಪಾದನೆಯೇ.

ಗ್ರಾಫಿಕ್ಸ್ ಕಾರ್ಡ್ ಈ ಪಟ್ಟಿಯಲ್ಲಿ ಇಲ್ಲ. ಮುಂದೆ ಮದುವೆ ವಿಡಿಯೊ ಎಡಿಟಿಂಗ್ ಶುರು ಮಾಡಿದರೆ ಆಗ ಹಾಕಿಸಬಹುದು. ಅದಕ್ಕಾಗಿ ಕ್ಯಾಬಿನೆಟ್ ಮಾತ್ರ ತೀರಾ ಚಿಕ್ಕದು ಬೇಡ. ಕಚೇರಿಗಳಿಂದ ಬರುವ ಸಣ್ಣ ಡೆಸ್ಕ್‌ಟಾಪ್‌ಗಳಲ್ಲಿ ದೊಡ್ಡ ಕಾರ್ಡ್ ಕೂರುವುದಿಲ್ಲ, ಅದರ ಪವರ್ ಸಪ್ಲೈಯೂ ಸಾಲುವುದಿಲ್ಲ.

ಒಟ್ಟಿನಲ್ಲಿ

"ಗ್ರಾಫಿಕ್ಸ್ ಕೆಲಸಕ್ಕೆ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕು" ಎಂಬುದು ಲಗ್ನಪತ್ರಿಕೆ, ಬ್ಯಾನರ್, ಕರಪತ್ರದ ಮಟ್ಟಿಗೆ ತಪ್ಪು. "ಐ7, 4 ಜಿಬಿ ಕಾರ್ಡ್" ಎಂಬ ಜಾಹೀರಾತು ಸುಳ್ಳಲ್ಲದಿರಬಹುದು, ಆದರೆ ಬೇಕಾದ ಮಾಹಿತಿಯನ್ನೇ ಅದು ಹೇಳುವುದಿಲ್ಲ. ಅಂಥ ಸಂದೇಶ ಮತ್ತೆ ಬಂದರೆ ಮುಂದಕ್ಕೆ ಕಳಿಸುವ ಬದಲು ಮೂರು ಪ್ರಶ್ನೆ ಕೇಳಿ: ಪ್ರೊಸೆಸರ್‌ನ ಪೂರ್ತಿ ಸಂಖ್ಯೆ ಏನು? ಡಿಸ್ಕ್ ಎಷ್ಟು ಗಂಟೆ ಓಡಿದೆ? ಬಿಲ್ ಮತ್ತು ವಾರಂಟಿ ಕೊಡುತ್ತೀರಾ? ನಿಮ್ಮ ಪರಿಚಯದಲ್ಲಿ ಯಾರಾದರೂ ಅಂಗಡಿ ಇಡಲು ಹೊರಟಿದ್ದರೆ, ಅವರು ಹಣ ಕಟ್ಟುವ ಮುನ್ನ ಈ ಮೂರು ಪ್ರಶ್ನೆ ಅವರಿಗೆ ತಲುಪಲಿ.