ಸದರಿ ಸದರ್

ಸಂಜೆ ಆರು ದಾಟಿದರೆ ನಾಗಪುರದ ಸದರ್‌ಗೆ ಕಳೆ ಬರುತ್ತದೆ. ರೆಸಿಡೆನ್ಸಿ ರಸ್ತೆಯ ಫ್ಲೈಓವರ್ ಕೆಳಗೆ ಆಟೊ, ಸ್ಕೂಟಿ, ಕೈಗಾಡಿಗಳ ತಳ್ಳಾಟ. ಗಾಡಿಯ ಮೇಲೆ ಪೇರಿಸಿಟ್ಟ ಕಿತ್ತಳೆ, ಪಕ್ಕದ ಬಾಣಲೆಯಲ್ಲಿ ಕೆಂಪಗಾಗುವ ಸಮೋಸಾ. ಚೌಕಾಸಿ ಮರಾಠಿಯಲ್ಲಿ, ಬೈಗುಳ ಹಿಂದಿಯಲ್ಲಿ. ಮಹಡಿಯ ಮೇಲಿನ ಸ್ಪೋಕನ್ ಇಂಗ್ಲಿಷ್ ಕ್ಲಾಸಿನಲ್ಲಿ ಮಾತ್ರ ಮೂರು ಪುಟಾಣಿ ಪದಗಳ ಜೊತೆ ಗುದ್ದಾಟ: ಎ, ಆ್ಯನ್, ದಿ.

ಉದಾಹರಣೆಗೆ ಮೇಡಂ ದೂರ ಹೋಗುವುದಿಲ್ಲ. "ಕೆಳಗೆ ಗಾಡಿಯಲ್ಲೇನಿದೆ?" "ಆ್ಯನ್ ಆರೆಂಜ್!" ಕಿತ್ತಳೆಯ ಊರಿನವರಿಗೆ ಇದು ಬಾಯಿಪಾಠ. "ಎಲ್‌ಐಸಿ ಚೌಕದ ಏಜೆಂಟ್?" "ಎ ಎಲ್‌ಐಸಿ ಏಜೆಂಟ್." "ಅಕ್ಷರ ನೋಡಬೇಡಿ, ಬಾಯಿಂದ ಹೊರಡುವ ಮೊದಲ ದನಿ ಕೇಳಿ. ಎಲ್! ಸ್ವರ ತಾನೆ? ಆ್ಯನ್." ಇಲ್ಲಿನ ಸೇಂಟ್ ಫ್ರಾನ್ಸಿಸ್ ಡಿ ಸೇಲ್ಸ್ ಶಾಲೆಯ ಹುಡುಗನಿಗೆ ಶಾಲೆಯ ಪೂರ್ತಿ ಹೆಸರು ಹಚ್ಚಿದರೆ 'ಎ', ಎಸ್‌ಎಫ್‌ಎಸ್ ಎಂದು ಮೊಟಕು ಮಾಡಿದರೆ 'ಆ್ಯನ್'.

'ದಿ' ಬಂದಾಗ ಕ್ಲಾಸು ಮಂಕಾಗುತ್ತದೆ. ಯಾವುದರ ಮಾತು ಎಂದು ಕೇಳುವವರಿಗೆ ಗೊತ್ತಿದ್ದರೆ 'ದಿ', ಇಲ್ಲದಿದ್ದರೆ 'ಎ'. ಎದುರಿನವರ ಮನಸ್ಸು ಓದುವ ವ್ಯಾಕರಣವಿದು. ಮರಾಠಿ, ಹಿಂದಿ, ಕನ್ನಡಗಳಲ್ಲಿ ಇದಕ್ಕೆಂದೇ ಮೀಸಲಾದ ಪದವಿಲ್ಲ; ಭೇದ ಮಾತ್ರ ಇದೆ. 'ಚೌಕದಲ್ಲಿ ಪೊಲೀಸ್ ಇದ್ದಾನೆ' ಎಂದರೆ ಯಾರೋ ಒಬ್ಬ, ಹೆಲ್ಮೆಟ್ ಹಾಕಿಕೊಳ್ಳಿ. 'ಪೊಲೀಸ್ ಚೌಕದಲ್ಲಿದ್ದಾನೆ' ಎಂದರೆ ನಾವಾಗಲೇ ಮಾತಾಡುತ್ತಿದ್ದವನು. ಪದಗಳು ಜಾಗ ಬದಲಿಸಿದರೆ ಸಾಕು, ನಮಗೆ ಕೆಲಸ ಆಯಿತು. 'ಕಿತ್ತಳೆ ತಂದೆ', 'ಕಿತ್ತಳೆಯನ್ನು ತಂದೆ' ಎಂಬಲ್ಲಿ ಆ ಕೆಲಸಕ್ಕೆ ವಿಭಕ್ತಿಯೂ ಕೈಜೋಡಿಸುತ್ತದೆ.

ಕಚೇರಿಯ ಕಾಗದಕ್ಕೆ ಇಷ್ಟು ಸೂಕ್ಷ್ಮ ಸಾಲದು. ಅಲ್ಲಿ ಕನ್ನಡದ ಗುಮಾಸ್ತ 'ಸದರಿ ಅರ್ಜಿದಾರರು' ಎಂದು ಬರೆದರೆ, ನಾಗಪುರದ ಗುಮಾಸ್ತ ಮರಾಠಿಯಲ್ಲಿ 'ಸದರ್ ಅರ್ಜ್' ಎನ್ನುತ್ತಾನೆ. ಮೇಲೆ ಹೇಳಿದ, ನಿಮಗೆ ಗೊತ್ತಿರುವ ಅದೇ ಅರ್ಜಿ. ಇಂಗ್ಲಿಷರ 'ದಿ' ಇದಕ್ಕಿಂತ ಹೆಚ್ಚೇನು ಮಾಡುತ್ತದೆ? ಬಡಾವಣೆಯ ಹೆಸರೂ ಅದೇ ಅರಬ್ಬಿ ಬೇರಿನದು, ಮುಖ್ಯ ಎಂಬರ್ಥದ್ದು. ಬ್ರಿಟಿಷರ ದಂಡು, ಠಾಣ್ಯಗಳ ದೊಡ್ಡ ಪೇಟೆಗೆ ಸದರ್ ಬಜಾರ್ ಎನ್ನುವುದು ರೂಢಿ. ದೆಹಲಿ, ಆಗ್ರಾ, ಮೀರತ್‌ಗಳಲ್ಲೂ ಅವು ಇವೆ. ಹಲವುಗಳಲ್ಲಿ ಒಂದಾದ ಪೇಟೆಗೆ 'ಎ' ಹೊಂದುತ್ತದೆ, ಊರಿನವರಿಗೆ ಪರಿಚಿತವಾದದ್ದಕ್ಕೆ 'ದಿ'. ಬರೀ ಸದರ್ ಎಂಬ ಅಂಕಿತನಾಮವಾದ ಮೇಲೆ ಎರಡೂ ಬೇಡ.

"ಹಾಗಾದರೆ ಹೆಸರುಗಳಿಗೆ ಆರ್ಟಿಕಲ್ಲೇ ಬೇಡವಾ ಮೇಡಂ?" "ನಾಗಪುರಕ್ಕೆ ಬೇಡ. ಊರಿನೊಳಗೆ ಹರಿಯುವ ನಾಗ್ ನದಿಗೆ ಬೇಕು." "ಯಾಕೆ?" "ನದಿಗಳಿಗೆ 'ದಿ' ಹಚ್ಚುವುದು ಅವರ ಪದ್ಧತಿ. ನಮ್ಮಲ್ಲಿ ನದಿಗೆ ಅರಿಸಿನ-ಕುಂಕುಮ ಏರಿಸುವುದಿಲ್ಲವೇ?" ಬೆಂಚುಗಳಲ್ಲಿ ನಗು.

ಎಂಟಕ್ಕೆ ಕ್ಲಾಸು ಬಿಡುತ್ತದೆ. ಮೆಟ್ಟಿಲಿಳಿಯುವ ಹುಡುಗರಿಗೆ ಈಗ ರಸ್ತೆಯ ಬೋರ್ಡುಗಳೆಲ್ಲ ತಪ್ಪಾಗಿಯೇ ಕಾಣುತ್ತವೆ. 'ಶಾಪ್ ಫಾರ್ ರೆಂಟ್' ಎಂಬುದರ ಮುಂದೆ ಇಬ್ಬರು ನಿಂತಿದ್ದಾರೆ: 'ಎ' ಬೇಕೋ, 'ದಿ' ಬೇಕೋ? ಒಳಗಿನಿಂದ ಮಾಲೀಕ ಎದ್ದು ಬರುತ್ತಾನೆ: "ಅಂಗಡಿ ಬೇಕೇನಪ್ಪ?"