ಬಾಡಿಗೆ ಮನೆಗೆ ನಾಲ್ಕು ಚಕ್ರ

ಬೆಂಗಳೂರಿನಿಂದ ಶಿವಮೊಗ್ಗ, ಜೋಗದ ಕಡೆ ಹೊರಟವರು ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನುತ್ತಾರೆ, ತಿಪಟೂರು ದಾಟುವಾಗ ಒಂದು ಎಳನೀರು ಕುಡಿಯುತ್ತಾರೆ. ಅಲ್ಲಿಗೆ ಕಲ್ಪತರು ನಾಡಿನ ಪ್ರವಾಸ ಮುಗಿಯಿತು! ರಸ್ತೆಯ ಎಡಬಲದ ತೆಂಗಿನ ತೋಟಗಳ ಆಚೆ ಏನಿದೆ ಎಂದು ನೋಡಲು ಯಾರಿಗೂ ಪುರುಸೊತ್ತಿಲ್ಲ. ಪುರುಸೊತ್ತು ಮಾಡಿಕೊಂಡರೂ ರಾತ್ರಿ ಉಳಿಯುವುದು ಎಲ್ಲಿ? ಹೆಣ್ಣುಮಕ್ಕಳಿಗೆ ಶೌಚಾಲಯ ಎಲ್ಲಿ?

ಈ ಎರಡು ಪ್ರಶ್ನೆಗಳಿಗೆ ಒಂದು ಉತ್ತರ ಕ್ಯಾಂಪರ್‌ವ್ಯಾನ್. ರೀಲ್ಸ್‌ನಲ್ಲಿ ನೋಡಿ ‘ಇದು ಫಾರಿನ್ನಿನವರ ಶೋಕಿ’ ಎಂದು ಸ್ಕ್ರಾಲ್ ಮಾಡುವ ಕಾಲ ಹೋಯಿತು. ಬೆಂಗಳೂರಿನಲ್ಲೇ ಇವು ಬಾಡಿಗೆಗೆ ಸಿಗುತ್ತವೆ. ನಮ್ಮ ಹಿರಿಯರಿಗೆ ಇದೇನೂ ಹೊಸದಲ್ಲ. ಕಮಾನು ಗಾಡಿಗೆ ಎತ್ತು ಕಟ್ಟಿ, ರಾಗಿ ಹಿಟ್ಟು, ಪಾತ್ರೆ, ಚಾಪೆ ತುಂಬಿಕೊಂಡು ಜಾತ್ರೆಗೆ ಹೋಗಿ, ಗಾಡಿಯ ಪಕ್ಕದಲ್ಲೇ ಒಲೆ ಹೂಡಿ ಮಲಗಿ ಬರುತ್ತಿದ್ದವರು ಅವರು.

ಒಳಗೆ ಏನಿರುತ್ತದೆ?

ನಾವು ಮದುವೆ ದಿಬ್ಬಣಕ್ಕೆ ಕರೆಸುವ ಟೆಂಪೊ ಟ್ರಾವೆಲರ್‌ನಂಥ ವಾಹನದ ಸೀಟು ತೆಗೆದು ಮನೆ ಮಾಡಿದರೆ ಕ್ಯಾಂಪರ್‌ವ್ಯಾನ್. ಹಗಲು ಸೋಫಾ, ರಾತ್ರಿ ಹಾಸಿಗೆ. ಸಣ್ಣ ಅಡುಗೆ ಕಟ್ಟೆ, ಫ್ರಿಜ್, ಸಿಂಕ್, ಶವರ್, ಶೌಚಾಲಯ. ಕೆಳಗೆ ಶುದ್ಧ ನೀರಿಗೊಂದು ಟ್ಯಾಂಕು, ಬಳಸಿದ ನೀರಿಗೊಂದು ಟ್ಯಾಂಕು. ದೀಪ, ಫ್ಯಾನು, ಚಾರ್ಜಿಂಗ್‌ಗೆ ಬ್ಯಾಟರಿ ಇರುತ್ತದೆ, ಕೆಲವದರ ಚಾವಣಿಯಲ್ಲಿ ಸೋಲಾರ್ ಫಲಕವೂ ಉಂಟು. ಎ.ಸಿ. ಇಡೀ ರಾತ್ರಿ ಓಡಬೇಕೆಂದರೆ ಮಾತ್ರ ಸಾಮಾನ್ಯವಾಗಿ ಹೊರಗಿನಿಂದ ಕರೆಂಟು ಬೇಕು.

ಇಂಥ ವಾಹನಗಳಿಗೆಂದೇ ನಮ್ಮ ದೇಶದಲ್ಲಿ ಎಐಎಸ್-124 ಎಂಬ ಸುರಕ್ಷತಾ ಮಾನದಂಡ ಇದೆ. ಆರ್‌.ಸಿ.ಯಲ್ಲಿ ವಾಹನ ‘ಮೋಟಾರ್ ಕ್ಯಾರವಾನ್’ ಎಂದು ನೋಂದಣಿ ಆಗಿದೆಯೇ ಎಂದು ಕೇಳುವುದು ಬಾಡಿಗೆದಾರನ ಹಕ್ಕು.

ಎರಡು ದಿನದ ಲೆಕ್ಕ

ತಿಪಟೂರು ತಾಲ್ಲೂಕಿನ ಅರಳಗುಪ್ಪೆಯಿಂದ ಶುರು ಮಾಡಬಹುದು. ಅಲ್ಲಿನ ಕಲ್ಲೇಶ್ವರ ದೇಗುಲ ಒಂಬತ್ತನೇ ಶತಮಾನದ್ದು. ಕುತ್ತಿಗೆ ಎತ್ತಿ ನೋಡಿದರೆ ಚಾವಣಿಯಲ್ಲಿ ಶಿವ ಕುಣಿಯುತ್ತಿದ್ದಾನೆ, ಸುತ್ತ ಅಷ್ಟದಿಕ್ಪಾಲಕರು. ಮುಂದೆ ಕಿಬ್ಬನಹಳ್ಳಿ ಕ್ರಾಸ್. ಇಲ್ಲಿ ದಕ್ಷಿಣಕ್ಕೆ ತಿರುಗಿದರೆ ತುರುವೇಕೆರೆ, ಉತ್ತರಕ್ಕೆ ತಿರುಗಿದರೆ ಚಿಕ್ಕನಾಯಕನಹಳ್ಳಿ. ತುರುವೇಕೆರೆಯಲ್ಲಿ ಹೊಯ್ಸಳರ ಕಾಲದ ಮೂಲೆ ಶಂಕರೇಶ್ವರ, ಚೆನ್ನಿಗರಾಯ ದೇಗುಲಗಳು, ಗಂಗಾಧರೇಶ್ವರ ಗುಡಿಯ ಮುಂದೆ ಕನ್ನಡಿಯಂತೆ ಹೊಳೆಯುವ ಕರಿಕಲ್ಲಿನ ನಂದಿ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನಲ್ಲಿ ಬೋರನಕಣಿವೆ ಜಲಾಶಯ. ನಡುವೆ ತಿಪಟೂರಿನ ಕೊಬ್ಬರಿ ಮಾರುಕಟ್ಟೆ ನೋಡದೆ ಬಂದರೆ ಈ ಸೀಮೆ ನೋಡಿದಂತಲ್ಲ. ವರ್ಷದ ಹತ್ತಿರ ಅಟ್ಟದ ಮೇಲೆ ಒಣಗಿದ ಉಂಡೆ ಕೊಬ್ಬರಿ ಇಲ್ಲಿಂದ ದೇಶದ ಮೂಲೆ ಮೂಲೆಗೆ ಹೋಗುತ್ತದೆ.

ಈಗ ದುಡ್ಡಿನ ಮಾತು. ಬಾಡಿಗೆ ವಾಹನದಿಂದ ವಾಹನಕ್ಕೆ ಬೇರೆ. ಲೆಕ್ಕಕ್ಕೆಂದು ದಿನಕ್ಕೆ 10,000 ರೂಪಾಯಿ ಎಂದುಕೊಳ್ಳೋಣ. ಎರಡು ದಿನಕ್ಕೆ 20,000. ಬೆಂಗಳೂರಿನಿಂದ ಹೋಗಿ ಸುತ್ತಿ ಬರಲು ಸುಮಾರು 400 ಕಿ.ಮೀ. ಲೀಟರಿಗೆ 10 ಕಿ.ಮೀ. ಕೊಟ್ಟರೆ 40 ಲೀಟರ್ ಡೀಸೆಲ್, ಲೀಟರಿಗೆ 90ರಂತೆ 3,600 ರೂಪಾಯಿ. ನಾಲ್ವರು ಹಂಚಿಕೊಂಡರೆ ತಲೆಗೆ 5,900. ಟೋಲ್, ಊಟ, ಚಾಲಕನ ಬತ್ತಾ ಬೇರೆ. ರೈಲಿನಲ್ಲಿ ತಿಪಟೂರಿಗೆ ಬಂದು ಲಾಡ್ಜ್ ಹಿಡಿದು ಬಸ್ಸಿನಲ್ಲಿ ಸುತ್ತಿದರೆ ಇದರ ಅರ್ಧವೂ ಆಗುವುದಿಲ್ಲ. ಹಾಗಾಗಿ ಹಣ ಉಳಿಸಲು ವ್ಯಾನ್ ಹಿಡಿಯುತ್ತೇವೆ ಎನ್ನುವ ಮಾತು ಸುಳ್ಳು. ಮಂಡಿ ನೋವಿನ ಅಜ್ಜಿಯನ್ನು ಕರೆದೊಯ್ಯಬೇಕು, ಗುಂಪಿನಲ್ಲಿ ಹೆಣ್ಣುಮಕ್ಕಳಿದ್ದಾರೆ, ಕೊನೆಯ ಬಸ್ಸಿನ ಗಡಿಬಿಡಿ ಬೇಡ ಎನ್ನುವವರಿಗೆ ಮಾತ್ರ ಈ ಖರ್ಚಿಗೆ ಅರ್ಥ ಇದೆ.

ಸಹಿ ಹಾಕುವ ಮುನ್ನ

ನಂಬರ್ ಪ್ಲೇಟ್ ನೋಡಿ. ಚಾಲಕನೊಂದಿಗೆ ಬರುವ ಬಾಡಿಗೆ ವಾಹನಕ್ಕೆ ಹಳದಿ ಫಲಕದ ಮೇಲೆ ಕಪ್ಪು ಅಕ್ಷರ, ನೀವೇ ಓಡಿಸುವುದಕ್ಕೆ ಕಪ್ಪು ಫಲಕದ ಮೇಲೆ ಹಳದಿ ಅಕ್ಷರ ಇರಬೇಕು. ಬಿಳಿ ಫಲಕದ ಸ್ವಂತ ವಾಹನವನ್ನು ‘ಕಡಿಮೆಗೆ ಕೊಡ್ತೀನಿ ಬನ್ನಿ’ ಎಂದರೆ ಕೈಮುಗಿದು ಬನ್ನಿ. ಅಪಘಾತವಾದರೆ ವಿಮೆಗೆ ತಕರಾರು ಬರುತ್ತದೆ. ದಿನಕ್ಕೆ ಎಷ್ಟು ಕಿ.ಮೀ. ಮಿತಿ, ಡೆಪಾಸಿಟ್ ಯಾವಾಗ ವಾಪಸ್, ಕೆಟ್ಟು ನಿಂತರೆ ಯಾರ ಹೊಣೆ ಎಂಬುದು ಬರಹದಲ್ಲಿರಲಿ. ಕೀಲಿ ಪಡೆಯುವಾಗಲೇ ಒಳಗೂ ಹೊರಗೂ ಮೊಬೈಲ್‌ನಲ್ಲಿ ವಿಡಿಯೊ ಮಾಡಿಕೊಳ್ಳಿ.

ಇನ್ನೊಂದು ಮಾತು ಜೀವಕ್ಕೆ ಸಂಬಂಧಿಸಿದ್ದು. 2024ರ ಡಿಸೆಂಬರ್‌ನಲ್ಲಿ ಕೇರಳದ ವಡಗರದಲ್ಲಿ ರಸ್ತೆ ಬದಿ ನಿಲ್ಲಿಸಿದ್ದ ಕ್ಯಾರವಾನ್ ಒಳಗೆ ಇಬ್ಬರು ಶವವಾಗಿ ಸಿಕ್ಕರು. ಜನರೇಟರಿನ ಹೊಗೆಯಲ್ಲಿದ್ದ ಕಾರ್ಬನ್ ಮೊನಾಕ್ಸೈಡ್ ಒಳಗೆ ತುಂಬಿಕೊಂಡಿತ್ತು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಎಂಜಿನ್ ಅಥವಾ ಜನರೇಟರ್ ಓಡಿಸಿಕೊಂಡು ಮಲಗಲೇಬೇಡಿ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಇಲ್ಲದ ವ್ಯಾನು ಎಷ್ಟೇ ಚೆಂದವಿದ್ದರೂ ಬೇಡ.

ತೋಟಕ್ಕೆ ಬಂದವರಿಗೂ ಒಂದು ಕಿವಿಮಾತು: ನೆರಳಿದೆ ಎಂದು ತೆಂಗಿನ ಮರದ ಕೆಳಗೆ ನಿಲ್ಲಿಸಬೇಡಿ. ಕಾಯಿ, ಗರಿ ಬೀಳುವ ಮುಂಚೆ ಹೇಳಿ ಬೀಳುವುದಿಲ್ಲ. ತೋಟದ ದಾರಿಯಲ್ಲಿ ಜೋತುಬಿದ್ದ ವಿದ್ಯುತ್ ತಂತಿಯ ಮೇಲೂ ಕಣ್ಣಿರಲಿ.

ನಮಗೇನು ಲಾಭ?

ಕೆಲಸ ಹುಡುಕುತ್ತಿರುವ ನಮ್ಮ ಭಾಗದ ಹುಡುಗ ಹುಡುಗಿಯರು ಗಮನಿಸಬೇಕಾದದ್ದು ಇಲ್ಲಿದೆ. 2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ ಇದ್ದಾಗ ಮಾರುಕಟ್ಟೆ ದರ ಅದಕ್ಕಿಂತ ಕೆಳಗೆ ಕುಸಿದು ರೈತರು ಬೀದಿಗಿಳಿದಿದ್ದರು. 2025ರಲ್ಲಿ ಅದೇ ಕೊಬ್ಬರಿ 25,000 ದಾಟಿತು. ಇಂಥ ಜೋಕಾಲಿಯ ಮೇಲೆ ಕೂತ ಮನೆಗೆ ಇನ್ನೊಂದು ಆದಾಯ ಬೇಕೇಬೇಕು.

ಕೇರಳ ಸರ್ಕಾರ 2021ರಲ್ಲಿ ‘ಕೆರವಾನ್ ಕೇರಳ’ ಯೋಜನೆ ಘೋಷಿಸಿತು, ಮೊದಲ ಕ್ಯಾರವಾನ್ ಪಾರ್ಕ್ ವಾಗಮಾನ್‌ನಲ್ಲಿ ಬಂತು. ಒಂದು ವ್ಯಾನು ರಾತ್ರಿ ತಂಗಲು ಬೇಕಾದದ್ದೇನು? ಸಮತಟ್ಟಾದ ಜಾಗ, ಅರ್ತಿಂಗ್ ಸರಿಯಿರುವ 15 ಆಂಪ್ಸ್ ಪ್ಲಗ್, ನೀರಿನ ನಲ್ಲಿ, ಶೌಚಾಲಯದ ತ್ಯಾಜ್ಯಕ್ಕೆ ಸರಿಯಾದ ಗುಂಡಿ, ದೀಪ. ರೆಸಾರ್ಟ್ ಕಟ್ಟುವಷ್ಟು ಬಂಡವಾಳ ಬೇಡ. ತೋಟದ ಮನೆಯ ಅಂಗಳದಲ್ಲಿ ಇದರ ಅರ್ಧ ಈಗಾಗಲೇ ಇದೆ. ಆದರೆ ಪಂಪ್‌ಸೆಟ್ಟಿನ ಉಚಿತ ವಿದ್ಯುತ್ ಇದಕ್ಕೆ ಬಳಸುವಂತಿಲ್ಲ, ಬೇರೆ ಸಂಪರ್ಕ ಪಡೆಯಬೇಕು. ಪಂಚಾಯಿತಿ ಮತ್ತು ಪ್ರವಾಸೋದ್ಯಮ ಇಲಾಖೆಯಲ್ಲಿ ವಿಚಾರಿಸಿಯೇ ಮುಂದಡಿ ಇಡಬೇಕು.

ತೋಟ ಇಲ್ಲದವರಿಗೂ ದಾರಿ ಉಂಟು. ವ್ಯಾನಿನ ಒಳಗಿನ ವೈರಿಂಗ್, ಪ್ಲಂಬಿಂಗ್, ಮರಗೆಲಸ ಎಲ್ಲವೂ ಐಟಿಐ ಕಲಿತವರ ಕೆಲಸ. ಚಾಲಕರಾಗುವವರಿಗೆ 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ ಒಂದು ಗೊಂದಲ ಬಗೆಹರಿಸಿದೆ: ಲಘು ವಾಹನದ ಲೈಸೆನ್ಸ್ ಇದ್ದವರು 7,500 ಕೆ.ಜಿ. ಒಳಗಿನ ಸಾರಿಗೆ ವಾಹನವನ್ನೂ ಓಡಿಸಬಹುದು. ಇತಿಹಾಸ ಓದಿದವರು ಅರಳಗುಪ್ಪೆಯ ಚಾವಣಿಯನ್ನು ಅರ್ಥ ಮಾಡಿಸುವ ಗೈಡ್ ಆಗಬಹುದು.

ನಾಳೆಯೇ ಸಾಲ ಮಾಡಿ ವ್ಯಾನು ಕೊಳ್ಳಿ ಎಂದು ಹೇಳುತ್ತಿಲ್ಲ. ಮೊದಲು ನಾಲ್ವರು ಗೆಳೆಯರು ಸೇರಿ ಒಂದು ರಾತ್ರಿಗೆ ಬಾಡಿಗೆ ಪಡೆಯಿರಿ. ಗಿರಾಕಿಯಾಗಿ ನಿಮಗೆ ಎಲ್ಲೆಲ್ಲಿ ತೊಂದರೆಯಾಯಿತು, ನೀರು ಎಲ್ಲಿ ಸಿಗಲಿಲ್ಲ, ಊಟಕ್ಕೆ ಎಷ್ಟು ಅಲೆದಿರಿ ಎಂದು ಬರೆದಿಟ್ಟುಕೊಳ್ಳಿ. ಊರಲ್ಲೇ ಶುರು ಮಾಡಬಹುದಾದ ಕಸುಬಿನ ಮೊದಲ ಪ್ರಾಜೆಕ್ಟ್ ರಿಪೋರ್ಟ್ ಆ ಹಾಳೆಯೇ.